ಅಮೆರಿಕದ ಕುರುಕು ತಿಂಡಿ: ಪ್ಯಾಕೆಟ್ಟಿನ ಬೆನ್ನು ಮೊದಲು ಓದಿ

ಹಾಸನದ ಮನೆಗಳಲ್ಲಿ ಕುರುಕು ತಿಂಡಿಗೆ ಒಂದು ಹೊತ್ತಿದೆ. ಸಂಜೆ ಕಾಫಿಯ ಜೊತೆ ಒಂದು ತಟ್ಟೆ ಖಾರದ ಕಡಲೆಪುರಿ, ಇಲ್ಲವೇ ಎರಡು ಕೋಡುಬಳೆ. ಆಮೇಲೆ ಡಬ್ಬಿ ಮುಚ್ಚಿ ಮೇಲಿಟ್ಟರೆ ಮುಗಿಯಿತು. ಅಮೆರಿಕದಲ್ಲಿ ಹೀಗೆ ಗೊತ್ತಾದ ಹೊತ್ತಿಲ್ಲ. ಕಾರಿನಲ್ಲಿ, ಆಫೀಸಿನ ಮೇಜಿನ ಮುಂದೆ, ಮಕ್ಕಳ ಆಟದ ಮೈದಾನದ ಅಂಚಿನಲ್ಲಿ, ಎಲ್ಲೆಂದರಲ್ಲಿ ಪ್ಯಾಕೆಟ್ ಬಿಚ್ಚುತ್ತಾರೆ. ರಾತ್ರಿ ಊಟ ಆರು ಗಂಟೆಗೇ ಆಗುವ ಮನೆಗಳು ಬಹಳ. ಹಾಗಾಗಿ ಮಲಗುವ ಮೊದಲು ಮತ್ತೆ ಹಸಿವು, ಮತ್ತೊಂದು ಪ್ಯಾಕೆಟ್. ಮಕ್ಕಳ ಮನೆಗೆಂದು ಹೋಗುವ ಅಪ್ಪ ಅಮ್ಮಂದಿರು ಮೊದಲು ತಿಳಿದಿರಬೇಕಾದದ್ದು ಇದೇ: ಹೊತ್ತಿಗೆ ಕಟ್ಟಿಲ್ಲದ ಮೇಲೆ ಅಳತೆಯನ್ನು ನೀವೇ ಇಟ್ಟುಕೊಳ್ಳಬೇಕು.

ಅಳತೆ ಸಿಗುವುದು ಪ್ಯಾಕೆಟ್ಟಿನ ಹಿಂದೆ, 'ನ್ಯೂಟ್ರಿಷನ್ ಫ್ಯಾಕ್ಟ್ಸ್' ಎಂಬ ಚೌಕದಲ್ಲಿ. ಕ್ಯಾಲೊರಿ ನೋಡುವ ಮೊದಲು ಅದರ ಮೇಲಿರುವ 'ಸರ್ವಿಂಗ್ ಸೈಜ್', ಅಂದರೆ ಒಂದು ಸಲದ ಅಳತೆ, ಓದಿ. ಸಾದಾ ಆಲೂಗಡ್ಡೆ ಚಿಪ್ಸ್‌ಗೆ ಅದು ಒಂದು ಔನ್ಸ್, ಅಂದರೆ 28 ಗ್ರಾಂ, ಸುಮಾರು ಹದಿನೈದು ಬಿಲ್ಲೆ. ಅಷ್ಟಕ್ಕೇ 160 ಕ್ಯಾಲೊರಿ. ಎಂಟು ಔನ್ಸ್ ಚೀಲ ಖಾಲಿಯಾದರೆ 1,280. ಚೀಲಕ್ಕೇ ಕೈ ಹಾಕಿ ತಿಂದರೆ ಲೆಕ್ಕ ಸಿಗುವುದಿಲ್ಲ. ಒಂದು ಬಟ್ಟಲಿಗೆ ಸುರಿದುಕೊಂಡು ಚೀಲವನ್ನು ಅಡುಗೆಮನೆಯಲ್ಲೇ ಬಿಡಿ. ಬಲಗಡೆಯ ಶೇಕಡಾ ಅಂಕಿಗಳು ಒಂದು ದಿನದ ಅಳತೆಯಲ್ಲಿ ಎಷ್ಟು ಪಾಲು ಎಂದು ಹೇಳುತ್ತವೆ: 5 ಅಥವಾ ಕಡಿಮೆ ಇದ್ದರೆ ಆ ಅಂಶ ಕಮ್ಮಿ, 20 ಅಥವಾ ಹೆಚ್ಚಿದ್ದರೆ ಜಾಸ್ತಿ. ಬಿಪಿ ಇರುವವರು ಸೋಡಿಯಂ ಸಾಲನ್ನೂ ಶುಗರ್ ಇರುವವರು 'ಆಡೆಡ್ ಶುಗರ್ಸ್' (ಬೇರೆಯಾಗಿ ಸೇರಿಸಿದ ಸಕ್ಕರೆ) ಸಾಲನ್ನೂ ಬಿಡದೆ ನೋಡಬೇಕು. 355 ಮಿಲಿಯ ಒಂದು ಕ್ಯಾನ್ ಕೋಕಾಕೋಲಾದಲ್ಲಿ 39 ಗ್ರಾಂ ಸಕ್ಕರೆ ಇದೆ. ಇಡೀ ದಿನಕ್ಕೆ ಲೇಬಲ್ ಲೆಕ್ಕ ಹಿಡಿಯುವ ಮಿತಿ 50 ಗ್ರಾಂ.

ಸಸ್ಯಾಹಾರಿಗಳು ಇನ್ನೂ ಎಚ್ಚರದಿಂದಿರಬೇಕು. ನಮ್ಮಲ್ಲಿರುವ ಕಡ್ಡಾಯದ ಹಸಿರು ಚುಕ್ಕೆ ಅಲ್ಲಿಲ್ಲ. ಮಾರ್ಷ್‌ಮ್ಯಾಲೋ, ಜಗಿಯುವ ಗಮ್ಮಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅದು ಹಂದಿಯ ಇಲ್ಲವೇ ದನದ ಚರ್ಮ, ಮೂಳೆಯಿಂದ ಬಂದದ್ದು. ಚೀಸ್ ಪುಡಿ ಸವರಿದ ತಿಂಡಿಗಳಲ್ಲಿ 'ಎನ್‌ಜೈಮ್ಸ್' ಎಂದಷ್ಟೇ ಬರೆದಿದ್ದರೆ ಅದು ಕರುವಿನ ಹೊಟ್ಟೆಯಿಂದ ತೆಗೆದ, ಚೀಸ್‌ಗಾಗಿ ಹಾಲು ಒಡೆಸುವ ರೆನೆಟ್ ಇರಬಹುದು. ಲಾರ್ಡ್ ಅಂದರೆ ಹಂದಿ ಕೊಬ್ಬು, ಟ್ಯಾಲೋ ಅಂದರೆ ದನದ ಕೊಬ್ಬು. ಕೋಷರ್ ಗುರುತು ಯಹೂದಿ ನಿಯಮಕ್ಕೆ ಸಂಬಂಧಿಸಿದ್ದು, ಅದನ್ನು ಸಸ್ಯಾಹಾರದ ಮುದ್ರೆ ಎಂದು ನಂಬಬೇಡಿ. 'ವೀಗನ್', ಅಂದರೆ ಹಾಲೂ ಸೇರಿ ಪ್ರಾಣಿಗಳಿಂದ ಬಂದದ್ದೇನೂ ಇಲ್ಲದ್ದು, ಎಂದಿದ್ದರೆ ಚಿಂತೆಯಿಲ್ಲ.

ಪಾಪ್‌ಕಾರ್ನ್ ನನ್ನ ಪ್ರಕಾರ ಅಲ್ಲಿನ ತಿಂಡಿಗಳಲ್ಲೆಲ್ಲ ಒಳ್ಳೆಯದು, ಮನೆಯಲ್ಲೇ ಹುರಿದುಕೊಂಡರೆ. ಹಾಸನ ಸುತ್ತಮುತ್ತ ಬೆಳೆಯುವ ಮುಸುಕಿನ ಜೋಳ ಹೀಗೆ ಅರಳುವುದಿಲ್ಲ, ಪಾಪ್‌ಕಾರ್ನ್ ತಳಿಯೇ ಬೇರೆ. ಅದರ ಗಟ್ಟಿ ಸಿಪ್ಪೆಯೊಳಗೆ ಶೇಕಡಾ 14ರಷ್ಟು ತೇವವಿರುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಆವಿಯ ಒತ್ತಡ ತಡೆಯಲಾರದೆ ಸಿಪ್ಪೆ ಸಿಡಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಮೂರು ಕಾಳು ಬಿಟ್ಟು ಮುಚ್ಚಿ. ಮೂರೂ ಸಿಡಿದ ಮೇಲೆ ಮೂರನೇ ಒಂದು ಕಪ್ ಕಾಳು ಸುರಿದು, ಆವಿ ಹೋಗುವಷ್ಟು ಮುಚ್ಚಳ ಓರೆ ಮಾಡಿ ಅಲ್ಲಾಡಿಸುತ್ತಿರಿ. ಆವಿ ಒಳಗೇ ಉಳಿದರೆ ಪಾಪ್‌ಕಾರ್ನ್ ತೊಗಲಿನಂತೆ ಜಗ್ಗುತ್ತದೆ. ಅರಳದ ಕಾಳು ತುಂಬಾ ಉಳಿದರೆ ಕಾಳು ಒಣಗಿದೆ ಎಂದರ್ಥ, ಗಾಳಿಯಾಡದ ಡಬ್ಬಿಯಲ್ಲಿಡಿ.

ಮೈಕ್ರೋವೇವ್ ಚೀಲವಾದರೆ ಅದರ ಪಕ್ಕದಲ್ಲೇ ನಿಲ್ಲಬೇಕು. ಎರಡು ಸಿಡಿತಗಳ ನಡುವೆ ಎರಡು ಸೆಕೆಂಡ್ ಅಂತರ ಬಂದ ಕೂಡಲೇ ನಿಲ್ಲಿಸಿ. ಅದು ಹೊತ್ತಿದರೆ ಬರುವ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಾಂ ಕೂಗಿಕೊಂಡು ಎಲ್ಲರೂ ಕೆಳಗಿಳಿಯಬೇಕಾಗಬಹುದು. ಚೀಲ ಬಿಡಿಸುವಾಗ ಮುಖ ದೂರವಿರಲಿ, ಆವಿ ಸುಡುತ್ತದೆ.

ಚಿಪ್ಸ್ ಮನೆಯಲ್ಲೇ ಕರಿಯುವುದಾದರೆ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಡಬೇಡಿ. ತಣ್ಣಗಿಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ, ಬಿಲ್ಲೆ ಬೇಯುವ ಮೊದಲೇ ಕಂದಾಗಿ ಕಹಿ ಹಿಡಿಯುತ್ತದೆ. ಹೆಚ್ಚಿದ ಬಿಲ್ಲೆಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ.

ಮೊಮ್ಮಕ್ಕಳ ಶಾಲೆಗೆ ತಿಂಡಿ ಕಳಿಸುವ ಮುಂಚೆ ಮಗಳನ್ನೋ ಸೊಸೆಯನ್ನೋ ಕೇಳಿ. ಕಡಲೇಬೀಜ, ಗೋಡಂಬಿ ತರಲೇಬಾರದೆಂಬ ನಿಯಮ ಅನೇಕ ಶಾಲೆಗಳಲ್ಲಿದೆ. ಕೆಲವು ಮಕ್ಕಳಿಗೆ ಅಲರ್ಜಿ ಪ್ರಾಣಕ್ಕೇ ಬರುತ್ತದೆ. ಎಳ್ಳು ಕೂಡ 2023ರಿಂದ ಲೇಬಲ್ಲಿನಲ್ಲಿ ಹೇಳಲೇಬೇಕಾದ ಅಲರ್ಜಿ ಪದಾರ್ಥ. ಹೀಗಾಗಿ ಚಿಕ್ಕಿ, ಎಳ್ಳುಂಡೆ, ಕಡಲೇಬೀಜ ಹಾಕಿದ ನಿಪ್ಪಟ್ಟು ಮನೆಯಲ್ಲೇ ಇರಲಿ. ಬರೀ ಚಕ್ಕುಲಿ ಕಳಿಸುವುದಾದರೆ ಎಳ್ಳಿನ ಬದಲು ಜೀರಿಗೆ ಹಾಕಿ.

ಊರಿಂದ ಒಯ್ಯುವ ಕೋಡುಬಳೆಗೆ ಹಸಿ ತೆಂಗಿನಕಾಯಿ ಬೇಡ, ಬೇಗ ಮುಗ್ಗಲು ವಾಸನೆ ಬರುತ್ತದೆ. ಕರಿಬೇವನ್ನಂತೂ ಒಯ್ಯಲೇಬೇಡಿ: ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿರುತ್ತದೆಂದು ತಡೆಯುತ್ತಾರೆ. ಚಿಕ್ಕಮಗಳೂರಿನ ಹುರಿದ ಕಾಫಿಪುಡಿಗೆ ಅಡ್ಡಿಯಿಲ್ಲ, ಚೆಕ್-ಇನ್ ಚೀಲದಲ್ಲಿಡಿ. ಇಳಿದ ಮೇಲೆ ಆಹಾರ ಇದೆಯೇ ಎಂದು ಕೇಳಿದಾಗ ಇದೆ ಎಂದೇ ಹೇಳಿ. ಇಟ್ಟುಕೊಂಡು ಇಲ್ಲವೆಂದರೆ ದಂಡ ಬೀಳಬಹುದು.