ಸಣ್ಣ ಮನೆಗೆ ಎಷ್ಟು ದೊಡ್ಡ ಬಚ್ಚಲ ಒಲೆ ಬೇಕು?

ಶಿರಸಿ ಪೇಟೆ ಅಂಚಿನಲ್ಲಿ ನಮ್ಮದು ಪುಟ್ಟ ಹಂಚಿನ ಮನೆ, ಇರೋದು ಮೂರೇ ಜನ. ಬಚ್ಚಲು ರಿಪೇರಿಗೆ ಕೈ ಹಾಕಿದಾಗ ಹಂಡೆ ಎಷ್ಟು ದೊಡ್ಡದು ಕೂರ್ಸೋದು ಅಂತ ಮನೇಲಿ ಚರ್ಚೆ ಶುರುವಾಯ್ತು. ಆಯಿ ಹೇಳೋದು ತೋಟದ ಮನೇಲಿದ್ದ ಹಾಗೆ ನೂರು ಲೀಟರಿನ ತಾಮ್ರದ ಹಂಡೆನೇ ಇರಲಿ, ನಾಳೆ ನೆಂಟರು ಬಂದ್ರೆ ಎಂತ ಮಾಡ್ತೆ ಅಂತ. ಮೇಸ್ತ್ರಿನೂ ಆಯಿ ಪಾರ್ಟಿ, ಅವನಿಗೆ ಕೈ ಕೂತ ಅಳತೆ ಅದೊಂದೇ. ನಾನು ಹೇಳಿದ್ದು ನೆಂಟರು ಬರೋದು ಹಬ್ಬಕ್ಕೆ, ಸ್ನಾನ ಮಾಡೋದು ದಿನಾ, ಹಾಗಾಗಿ ದಿನದ ನೀರಿಗೇ ಒಲೆ ಆಗ್ಬೇಕು.

ಲೆಕ್ಕ ಹಾಕಿ ನೋಡಿ. ಮೂರು ಜನಕ್ಕೆ 45 ಲೀಟರ್ ಹಿಡೀರಿ, ಅದನ್ನ 25 ಡಿಗ್ರಿ ಏರಿಸ್ಬೇಕಾದ್ರೆ ಹತ್ತತ್ರ 4.7 ಮೆಗಾಜೂಲ್ ಶಾಖ ಬೇಕು. ಒಣ ಕಟ್ಟಿಗೆ ಒಂದು ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡ್ತದೆ, ಅದ್ರಲ್ಲಿ ಕಾಲು ಭಾಗ ನೀರಿಗೆ ಹೋದ್ರೂ ಒಂದೂಕಾಲು ಕಿಲೋ ಕಟ್ಟಿಗೆಲಿ ಮುಗೀತು. ನೂರು ಲೀಟರ್ ತುಂಬಿಸಿದ್ರೆ ಅದೇ ಲೆಕ್ಕದಲ್ಲಿ ಎರಡೂಮುಕ್ಕಾಲು ಕಿಲೋ ದಾಟ್ತದೆ, ಉಳಿದ ನೀರು ಸಂಜೆಗೆ ಆರಿ ಕೂತಿರ್ತದೆ. ಅರ್ಧ ಹಂಡೆ ತುಂಬಿಸಿ ಕಾಯಿಸಿದ್ರಾಯ್ತಲ್ಲ ಅಂತೀರಾ, ಆಗ ಜ್ವಾಲೆ ಬದಿಗೆ ಏರಿ ನೀರಿಲ್ಲದ ತಾಮ್ರ ಕಾಯಿಸ್ತದೆ. ಇದ್ರ ಮೇಲೆ ದೊಡ್ಡ ಒಲೆಯ ದಪ್ಪ ಗೋಡೆ ಬೇರೆ, ಅರ್ಧ ತಾಸಿನ ಉರಿಯಲ್ಲಿ ಮೊದಲ ಪಾಲು ಮಣ್ಣು ಕಲ್ಲಿಗೇ ಹೋಗ್ತದೆ.

ನಾರ್ವೆ, ಕೆನಡಾ ಕಡೆ ಮನೆ ಬೆಚ್ಚಗಿಡೋ ಬೀಡುಕಬ್ಬಿಣದ ಒಲೆಗೂ ಇದೇ ಕಥೆ. ಸಣ್ಣ ಮನೆಗೆ ದೊಡ್ಡ ಒಲೆ ತಂದ್ರೆ ಸೆಕೆ ತಡೀಲಾರ್ದೆ ಗಾಳಿ ಕಿಂಡಿ ಮುಚ್ತಾರೆ, ಕಟ್ಟಿಗೆ ಉರಿಯೋ ಬದ್ಲು ಹೊಗೆಯಾಡ್ತದೆ, ಆ ಹೊಗೆ ತಣ್ಣಗಾಗಿ ಚಿಮಣಿ ಒಳಗೆ ಡಾಂಬರಿನಂಥ ಜಿಡ್ಡಾಗಿ ಕೂರ್ತದೆ, ಆಮೇಲೊಂದಿನ ಆ ಜಿಡ್ಡಿಗೇ ಬೆಂಕಿ.

ಆದ್ರೆ ಒಲೆ ಬಾಯಿ ಸಣ್ಣದು ಮಾಡಿ ಅಂತ ಕಣ್ಣುಮುಚ್ಚಿ ಹೇಳೋಕೂ ಆಗೋದಿಲ್ಲ ಮಾರಾಯ್ರೆ. ನಮ್ಮ ಕಡೆ ಬಚ್ಚಲಿಗೆ ಒಳ್ಳೆ ಕಟ್ಟಿಗೆ ಯಾರು ಹಾಕ್ತಾರೆ? ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಡ್ಲು, ಗರಟೆ, ತೋಟದಲ್ಲಿ ಬಿದ್ದಿದ್ದೆಲ್ಲ ಅಲ್ಲಿಗೇ. ಸಿಪ್ಪೆ ಹಗುರ, ಜಾಗ ಜಾಸ್ತಿ ತಿಂತದೆ, ಭಗ್ಗಂತ ಹತ್ತಿ ಬೇಗ ಮುಗೀತದೆ, ತೀರಾ ಇಕ್ಕಟ್ಟಾದ್ರೆ ಒಬ್ರು ಅಲ್ಲೇ ಕೂತು ತುರುಕ್ತಾನೇ ಇರ್ಬೇಕು. ಹಂಡೆ ಸಣ್ಣದಾದ್ರೂ ಬೆಂಕಿಗೂಡು ಸ್ವಲ್ಪ ಉದ್ದ ಇರಲಿ, ಅಗಲ ಬೇಡ, ಅಗಲಾದ್ರೆ ತಣ್ಣನೆ ಗಾಳಿ ನುಗ್ಗಿ ಉರಿ ಹಂಡೆ ತಳಕ್ಕೇ ಮುಟ್ಟೋದಿಲ್ಲ. ಕೆಳಗೆ ಸರಳಿನ ಜಾಲರಿ ಬೇಕೇ ಬೇಕು, ಗಾಳಿ ಅಡಿಯಿಂದ ಬಂದ್ರೆ ಸಿಪ್ಪೆನೂ ಚೊಲೋ ಉರೀತದೆ, ಬೂದಿ ತಾನಾಗೇ ಬೀಳ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸೋ ‘ಅಸ್ತ್ರ’ ಅನ್ನೋ ಘಟಕದವರು ಅಡುಗೆಮನೆಗೆ ಮಾಡಿದ ಅಸ್ತ್ರ ಒಲೆಯಲ್ಲೂ ಈ ಜಾಲರಿ, ಚಿಮಣಿ ಎರಡೂ ಇದ್ದವು.

ಚಿಮಣಿಗೆ ನಾಲ್ಕಿಂಚಿನ ಪೈಪು ನಮ್ಮಂಥವರಿಗೆ ಸಾಕು, ಮಾಡಿನ ನೆತ್ತಿಗಿಂತ ಮೇಲೆ ಹೋಗ್ಲಿ, ತುದಿಗೆ ಟೋಪಿ ಇರ್ಲಿ, ಇಲ್ಲಿಯ ಮಳೆ ಗೊತ್ತಲ್ಲ. ಕಟ್ಟಿಗೆ ಒದ್ದೆ ಇದ್ರೆ ಮಾತ್ರ ಮೇಲಿನ ಲೆಕ್ಕ ಎಲ್ಲಾ ಸುಳ್ಳು, ಅದರೊಳಗಿನ ಒಂದು ಲೀಟರ್ ನೀರು ಆವಿ ಆಗೋಕೇ 2.2 ಮೆಗಾಜೂಲ್ ಮೇಲೆ ಬೇಕು. ಮೇ ಒಳಗೆ ಅಟ್ಟ ಸೇರ್ಲಿ.

ಕಡೆಗೆ ಐವತ್ತು ಲೀಟರಿನ ಹಂಡೆ ಅಂತ ಇತ್ಯರ್ಥ ಆಯ್ತು, ನೆಂಟರು ಬಂದ್ರೆ ಎರಡು ಸಲ ಕಾಯಿಸೋದು. ಆಯಿಗೆ ಇನ್ನೂ ಸಮಾಧಾನ ಇಲ್ಲ. ನೀವೂ ಕಟ್ಟಿಸೋದಾದ್ರೆ ಹಂಡೆ ಮೊದ್ಲು ತಂದು ಮೇಸ್ತ್ರಿ ಎದುರಿಗೇ ಇಡಿ, ಅವನು ಅಂದಾಜಲ್ಲಿ ತೂತು ಬಿಟ್ಟು ಆಮೇಲೆ ಸಂದಿಗೆ ಮಣ್ಣು ಮೆತ್ತಿದ್ರೆ ನಾಲ್ಕು ದಿನಕ್ಕೆ ಬಿರುಕು ಬಿಟ್ಟು ಹೊಗೆ ಬಚ್ಚಲಲ್ಲೇ ಸುತ್ತಾಡ್ತದೆ.