ಜೋಂಬಾದಲ್ಲಿ 20 ಮೀಟರ್: ಟಿಕ್ ಟಿಕ್ ಸದ್ದಿನ ಬೆನ್ನು ಹತ್ತಿ

ಸಿಕ್ಕಿತು! ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಮಲಾವಿಯ ಜೋಂಬಾದಲ್ಲಿ ಸ್ವಯಂಸೇವಕ ಶಿಕ್ಷಕನಾಗಿರುವ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೊವನ್ನು ಕಾಡುತ್ತಿದ್ದ ಸದ್ದಿನ ಮೂಲ. 20 ಮೀಟರ್ ಬ್ಯಾಂಡಿನಲ್ಲಿ (ಶಾರ್ಟ್‌ವೇವ್‌ನ ಒಂದು ಪಟ್ಟಿ) ಸಿಗ್ನಲ್ ಮೀಟರಿನ ಎಸ್9ಕ್ಕೆ ಅಂಟಿಕೊಂಡು ಕೂತಿದ್ದ ನಾಯ್ಸ್ ನಿನ್ನೆ ರಾತ್ರಿ ಎಸ್3ಕ್ಕೆ ಇಳಿಯಿತು. ಮೀಟರ್ ಕೆಟ್ಟಿತೇನೋ ಅಂತ ರಿಗ್ಗನ್ನು (ರೇಡಿಯೊ ಸೆಟ್ಟನ್ನು) ಆಫ್ ಮಾಡಿ ಆನ್ ಮಾಡಿ ನೋಡಿದೆ. ಇಲ್ಲ, ನಿಜವಾಗಿಯೂ ಇಳಿದಿದೆ.

ಡೈಪೋಲ್ (ತಂತಿಯ ಆಂಟೆನಾ) ಕತ್ತರಿಸಿದ್ದು, ಟ್ರಿಮ್ ಮಾಡಿದ್ದು, ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಿಕೆಯ ಅಳತೆ) ನೋಡಿದ್ದು ಎಲ್ಲ ಬರೆಯುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಇಲ್ಲಿನ ವಿಶೇಷ ಎರಡು. ಕಂಬಕ್ಕೆ ನೀಲಗಿರಿ ಮರ ಅಗ್ಗಕ್ಕೆ ಸಿಗುತ್ತದೆ, ಆದರೆ ಬುಡಕ್ಕೆ ಹಳೆ ಎಂಜಿನ್ ಆಯಿಲ್ ಬಳಿಯದಿದ್ದರೆ ಗೆದ್ದಲು ತಿಂದು ಮುಗಿಸುತ್ತದೆ. ಹಗ್ಗಕ್ಕೆ ಮಾರ್ಕೆಟ್ಟಿನಲ್ಲಿ ಮೀನುಬಲೆ ಮಾರುವವರ ಹತ್ತಿರ ಹೋಗಬೇಕು. ಚಿಲ್ವಾ ಸರೋವರದ ಮೀನುಗಾರರು ಬಳಸುವ ನೈಲಾನ್ ಹುರಿ ಬಿಸಿಲಿಗೂ ಜಗ್ಗುವುದಿಲ್ಲ, ಕೋತಿಗೂ ಜಗ್ಗುವುದಿಲ್ಲ. ಹೌದು, ಕೋತಿ ಇಲ್ಲೂ ಇವೆ. ಪ್ರಸ್ಥಭೂಮಿಯಿಂದ ಇಳಿದು ಬಂದು ಡೈಪೋಲಿನ ಮೇಲೆ ಕೂತು ನನ್ನನ್ನೇ ನೋಡುತ್ತವೆ.

ದಿಕ್ಕಿನ ಲೆಕ್ಕದಲ್ಲಿ ಮಾತ್ರ ಅದೃಷ್ಟ ನನ್ನ ಕಡೆಗಿದೆ. ಇಲ್ಲಿಂದ ಬೆಂಗಳೂರು ಸುಮಾರು 5,600 ಕಿ.ಮೀ., ಬೇರಿಂಗ್ ಉತ್ತರದಿಂದ ಪೂರ್ವಕ್ಕೆ 58 ಡಿಗ್ರಿ ಆಸುಪಾಸು. ಬೆಟ್ಟ ಬೆನ್ನಿಗಿದೆ, ಚಿಲ್ವಾ ಕಡೆ ಬಯಲು. ಶಾರ್ಟ್‌ವೇವ್ ದೂರ ಹೋಗಲು ನೆರವಾಗುವ ಸೂರ್ಯನ ಕಲೆಗಳ 25ನೇ ಆವರ್ತವೂ ಕೈ ಬಿಟ್ಟಿಲ್ಲ. 20 ವ್ಯಾಟಿನ ಪುಟ್ಟ ರಿಗ್ಗಿಗೆ ಇದಕ್ಕಿಂತ ಇನ್ನೇನು ಬೇಕು? ಬೇಕಿದ್ದದ್ದು ಒಂದೇ, ಎದುರಿನವರ ಮಾತು ನನಗೆ ಕೇಳಿಸುವುದು.

ಹಗಲಿನ ಗೊರಗೊರ ಯಾರದ್ದು ಅಂತ ಮೊದಲ ದಿನವೇ ಗೊತ್ತಾಗಿತ್ತು. ಸೋಲಾರ್ ಚಾರ್ಜ್ ಕಂಟ್ರೋಲರ್ರಿನದ್ದು. ಬಿಸಿಲು ಏರಿದಂತೆ ಅದೂ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ರಿಗ್ಗಿನ ಮುಂದೆ ಕೂರುವಾಗ ಪ್ಯಾನೆಲ್ ವೈರ್ ಕಿತ್ತರಾಯಿತು, ಬ್ಯಾಟರಿ ಮೇಲೆ ಸಂಜೆ ಪೂರ್ತಿ ನಡೆಯುತ್ತದೆ. ತಲೆ ತಿಂದದ್ದು ರಾತ್ರಿಯ ಸದ್ದು. ಟಿಕ್. ಟಿಕ್‌ಟಿಕ್. ಟಿಕ್... ಟಿಕ್. ಲಯವೂ ಇಲ್ಲ, ಲಯ ಇಲ್ಲ ಅಂತ ಹೇಳುವ ಹಾಗೂ ಇಲ್ಲ. ಸ್ವಲ್ಪ ಹೊತ್ತು ಜೋಡಿಯಾಗಿ ಬಡಿಯುತ್ತದೆ, ನಿಧಾನಕ್ಕೆ ಬಿಡಿಯಾಗುತ್ತದೆ, ಮತ್ತೆ ಕೂಡುತ್ತದೆ. ಸ್ವಿಚ್ಚಿಂಗ್ ಸಪ್ಲೈ ಹೀಗೆ ಕೂಗುವುದಿಲ್ಲ. ಥರ್ಮೋಸ್ಟಾಟ್ ಹೀಗೆ ಕೂಗುವುದಿಲ್ಲ. ಫ್ರಿಜ್ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ.

ಸುಳಿವು ಕೊಟ್ಟದ್ದು ಕರೆಂಟು ಹೋದ ರಾತ್ರಿ. ಇಲ್ಲಿ ಅದು ವಿಶೇಷವೇನಲ್ಲ. ಮಲಾವಿಯ ವಿದ್ಯುತ್ತಿನ ಬಹುಪಾಲು ಶೀರೆ ನದಿಯ ಮೇಲೆ ನಿಂತಿದೆ. 2022ರ ಜನವರಿಯಲ್ಲಿ ಅನಾ ಚಂಡಮಾರುತ ಕಪಿಚಿರಾ ಜಲವಿದ್ಯುತ್ ಕೇಂದ್ರಕ್ಕೇ ಹಾನಿ ಮಾಡಿದಾಗ ದೇಶಕ್ಕೆ ದೇಶವೇ ಕತ್ತಲಲ್ಲಿ ಕೂತಿತ್ತಂತೆ, ಸ್ಟಾಫ್ ರೂಮಿನಲ್ಲಿ ಈಗಲೂ ಅದರ ಕಥೆ ಬರುತ್ತದೆ. ಹ್ಯಾಮ್‌ಗಳಿಗೆ ಕರೆಂಟು ಹೋಗುವುದೆಂದರೆ ಹಬ್ಬ ತಾನೇ? ಬೀದಿಯ ಎಲ್‌ಇಡಿ, ಟಿವಿ, ಚಾರ್ಜರ್ ಎಲ್ಲ ಸತ್ತು ಬ್ಯಾಂಡ್ ತೊಳೆದಿಟ್ಟ ಹಾಗೆ ಇರಬೇಕು. ಇತ್ತು ಕೂಡ. ಆ ನಿಶ್ಶಬ್ದದ ನಡುವೆ ಟಿಕ್ ಟಿಕ್ ಇನ್ನಷ್ಟು ಸ್ಪಷ್ಟ! ಅಂದರೆ ಬ್ಯಾಟರಿ ಬ್ಯಾಕಪ್ ಇರುವ, ರಾತ್ರಿಯಿಡೀ ಓಡುವ ಯಾವುದೋ ವಸ್ತು.

ಈ ಹಂತದಲ್ಲಿ ಫೆರೈಟ್ ಪುರಾಣ. ಕೋಯಾಕ್ಸ್ (ಆಂಟೆನಾ ಕೇಬಲ್) ಹೊರಮೈ ಮೇಲೆ ಬರುವ ಕಾಮನ್ ಮೋಡ್, ಅಂದರೆ ಬೇಡದ ಕರೆಂಟು, ಇರಬಹುದು ಅಂತ ಅದನ್ನು ತಡೆಯುವ ಮಿಕ್ಸ್ 31 ಟೊರಾಯ್ಡ್ (ಫೆರೈಟ್ ಬಳೆ) ಬೇಕಾಯಿತು. ಬೆಂಗಳೂರಿನಿಂದ ಬರುವ ಇನ್ನೊಬ್ಬ ಸ್ವಯಂಸೇವಕರ ಸೂಟ್‌ಕೇಸಿನಲ್ಲಿ, ಚಟ್ನಿಪುಡಿ ಪೊಟ್ಟಣದ ಜೊತೆ, ಬಟ್ಟೆ ಸುತ್ತಿಕೊಂಡು ಬಂತು. ಹತ್ತು ಸುತ್ತು ಸುತ್ತಿ ಅನಲೈಸರ್‌ಗೆ ಹಾಕಿದರೆ ಇಂಪೀಡೆನ್ಸ್ ನೋಡಿ ನಗು ಬಂತು. ಮಿಕ್ಸ್ 31 ಅಲ್ಲ, 43 ಅಲ್ಲ, ಯಾವ ನಂಬರಿನ ಮಗನೂ ಅಲ್ಲ. ಆನ್‌ಲೈನಿನಲ್ಲಿ ಮಾರಿದ ಪುಣ್ಯಾತ್ಮನಿಗೆ ಗ್ರಾಫ್ ಸಮೇತ ಬರೆದೆ. 'ಸಾರ್, ಬಣ್ಣ ಕಪ್ಪೇ ಇದೆಯಲ್ಲ' ಅಂತ ಉತ್ತರ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಗಿದ್ದರೆ ಕೌಂಟರ್ ಮುಂದೆ ನಿಂತು ಜಗಳವಾದರೂ ಆಡಬಹುದಿತ್ತು.

ಇಲ್ಲೇ ಕೊಳ್ಳೋಣವೆಂದರೆ 75 ಓಮಿನ ಟಿವಿ ಕೇಬಲ್ ಬಿಟ್ಟು ಬೇರೇನೂ ಇಲ್ಲ. 2023ರ ನವೆಂಬರ್‌ನಲ್ಲಿ ಇಲ್ಲಿನ ಹಣ ಕ್ವಾಚಾವನ್ನು ಒಂದೇ ಏಟಿಗೆ ಶೇ 44ರಷ್ಟು ಅಪಮೌಲ್ಯ ಮಾಡಿದ ಮೇಲೆ ಹೊರಗಿನಿಂದ ಬರುವ ಯಾವ ಸಾಮಾನಿನ ಬೆಲೆಯೂ ನಮ್ಮ ಭತ್ಯೆಯ ಕೈಗೆ ಎಟುಕುವುದಿಲ್ಲ. ಬ್ಲಾಂಟೈರ್ ನಗರದ ಲಿಂಬೆ ಅನ್ನುವ ಪೇಟೆಯ ಅಂಗಡಿ ಸಾಲಿನಲ್ಲಿ ಗುಜರಾತಿ ಮನೆತನದ ಹಿರಿಯರೊಬ್ಬರು ಹಿಂದಿಯಲ್ಲಿ ಮಾತಾಡಿಸಿ, ಚಹಾ ಕೊಟ್ಟು, ನಾನು ಹೊಸದಾಗಿ ಯಾವ ವ್ಯಾಪಾರ ಶುರು ಮಾಡುತ್ತಿದ್ದೇನೆ ಅಂತ ಮೂರು ಸಲ ವಿಚಾರಿಸಿದರು. ಶಾಲೆಯಲ್ಲಿ ಫಿಸಿಕ್ಸ್ ಕಲಿಸಲು ಬಂದಿದ್ದೇನೆ, ಅದೂ ಸಂಬಳವಿಲ್ಲದೆ ಅಂದರೆ ಅವರಿಗೂ ನಂಬಿಕೆ ಬರಲಿಲ್ಲ, ಪಕ್ಕದಲ್ಲಿದ್ದ ಮಿನಿಬಸ್ ಕಂಡಕ್ಟರಿಗೂ ಬರಲಿಲ್ಲ. ಇಂಡಿಯಾದವನು ಅಂದರೆ ಅಂಗಡಿ ಇರಲೇಬೇಕು ಅನ್ನುವುದು ಇಲ್ಲಿನ ಲೆಕ್ಕ. ಸೈಕಲ್ ಟ್ಯಾಕ್ಸಿ ಕಬಾಜಾದವನು ಆ ಲೆಕ್ಕದಲ್ಲೇ ಬಾಡಿಗೆಯನ್ನೂ ಹೇಳುತ್ತಾನೆ. ಒಂದೊಂದು ದಿನ ನಗು ಬರುತ್ತದೆ, ಮಳೆಯಲ್ಲಿ ನಿಂತ ದಿನ ಬರುವುದಿಲ್ಲ.

ಅದೇ ಸಾಲಿನ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬ್ರೇಜಿಂಗ್ ರಾಡ್ ನೋಡಿದೆ. ನೋಡಿದ ಕೂಡಲೇ ಮುಂದಿನ ಪ್ರಾಜೆಕ್ಟ್ ತಲೆಯೊಳಗೆ ಹೊಕ್ಕಿತು. ಬಿದಿರಿನ ಬೂಮ್, ರಾಡಿನ ಎಲಿಮೆಂಟ್, 70 ಸೆಂಟಿಮೀಟರ್ ಬ್ಯಾಂಡಿಗೆ ಕೈಯಲ್ಲಿ ಹಿಡಿಯುವ ಯಾಗಿ (ಒಂದೇ ದಿಕ್ಕಿಗೆ ಗುರಿ ಇಡುವ ಆಂಟೆನಾ). ಅಂತರಿಕ್ಷ ನಿಲ್ದಾಣದ ಹ್ಯಾಮ್ ರಿಪೀಟರ್ ಭೂಮಿಗೆ ಕಳಿಸುವ ಡೌನ್‌ಲಿಂಕ್ 437.800 ಮೆಗಾಹರ್ಟ್ಸ್. ನಿಲ್ದಾಣ ಮಲಾವಿಯ ಆಕಾಶದಲ್ಲೂ ದಿನಕ್ಕೆ ಹಲವು ಸಲ ಹಾದು ಹೋಗುತ್ತದೆ. ಫಾರ್ಮ್ ತ್ರೀ (ಸೆಕೆಂಡರಿ ಶಾಲೆಯ ಮೂರನೇ ವರ್ಷದ) ಮಕ್ಕಳಿಗೆ ಡಾಪ್ಲರ್ ಪರಿಣಾಮವನ್ನು ಬೋರ್ಡಿನ ಮೇಲೆ ಆಂಬುಲೆನ್ಸ್ ಬರೆದು ಹೇಳುವ ಬದಲು, ತಲೆ ಮೇಲೆ ಹೋಗುವ ನಿಲ್ದಾಣವನ್ನು ಹಿಡಿಯಲು 10 ಕಿಲೋಹರ್ಟ್ಸ್ ಮೇಲಿಂದ ಶುರು ಮಾಡಿ ಕೆಳಗಿಳಿಸುತ್ತಾ ಬನ್ನಿ ಅಂದರೆ? ಕೇಳುವುದಕ್ಕೆ ಲೈಸೆನ್ಸಿನ ರಗಳೆಯೂ ಇಲ್ಲ. ಬೂಮಿಗೆ ಬಿದಿರು ಆಗಲೇ ಕಡಿದಿಟ್ಟಿದ್ದೇನೆ. ಇರಲಿ, ಟಿಕ್ ಟಿಕ್‌ಗೆ ಬರೋಣ.

ರಿಗ್ಗಿನ ಆಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ವೇವ್‌ಫಾರ್ಮ್ ಎಳೆದು ನೋಡಿದಾಗ ಗಂಟು ಬಿಚ್ಚಿತು. ಅದು ಲಯ ತಪ್ಪಿದ ಒಂದು ಸದ್ದಲ್ಲ. ಲಯ ತಪ್ಪದ ಎರಡು ಸದ್ದು. ಒಂದು ಸುಮಾರು 1.2 ಸೆಕೆಂಡಿಗೊಮ್ಮೆ, ಇನ್ನೊಂದು ಅದಕ್ಕಿಂತ ಕೂದಲೆಳೆ ನಿಧಾನ. ಹಾಗಾಗಿಯೇ ಕೂಡುವುದು, ಅಗಲುವುದು. ಸೆಕೆಂಡಿಗೊಮ್ಮೆ ಬಡಿಯುವ, ಬ್ಯಾಟರಿ ಇರುವ ವಸ್ತು ಯಾವುದು? ಸಕಲೇಶಪುರದ ಕಡೆ ಆನೆಗೆಂದು ಹಾಕಿದ ಸೋಲಾರ್ ಬೇಲಿ ನೋಡಿದವರು ಈಗಾಗಲೇ ಹೇಳಿಬಿಟ್ಟಿರುತ್ತೀರಿ. ಕಾಂಪೌಂಡ್ ಗೋಡೆಯ ಮೇಲಿನ ಕರೆಂಟ್ ಬೇಲಿ! ನಮ್ಮ ಬೀದಿಯಲ್ಲಿ ನನ್ನದು ಬಿಟ್ಟು ಬಹಳ ಮನೆಗಳಿಗೆ ಇದೆ. ಬೇಲಿ ಸರಿಯಿದ್ದರೆ ಅಷ್ಟು ಸದ್ದಿಲ್ಲ. ಎಲ್ಲೋ ಇನ್ಸುಲೇಟರ್ ಒಡೆದು ಅಥವಾ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ, ಉದ್ದದ ಬೇಲಿ ತಂತಿಯೇ ಅದಕ್ಕೆ ಆಂಟೆನಾ.

ಯಾವ ಮನೆಯದ್ದು ಅನ್ನುವುದಕ್ಕೆ ಪಾಕೆಟ್ ರೇಡಿಯೊದ ಎಎಂ ಸಾಕು. ಸಮಸ್ಯೆ ಏನೆಂದರೆ, ಕತ್ತಲಾದ ಮೇಲೆ ಊರಿಗೆ ಹೊಸಬನೊಬ್ಬ ಕಿವಿಗೆ ರೇಡಿಯೊ ಹಿಡಿದು, ಪರರ ಕಾಂಪೌಂಡ್ ಗೋಡೆ ಸವರುತ್ತಾ, ಒಂದೊಂದು ಕಡೆ ನಿಂತು ಗಿರಕಿ ಹೊಡೆಯುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಹಾಗಾಗಿ ನಮ್ಮ ಕಾಂಪೌಂಡಿನ ರಾತ್ರಿ ಕಾವಲುಗಾರರನ್ನು ಜೊತೆಗೆ ಬರಲು ಕೇಳಿದೆ. 'ಫುಟ್‌ಬಾಲಾ, ಬಾಂಬೋ (ಸಾರ್)?' ಅಂದರು. ಇಲ್ಲ, ಈ ಸದ್ದು ಅಂತ ಕೇಳಿಸಿದೆ. ಓ, ಇದಾ ಅಂತ ತಮ್ಮ ಕುರ್ಚಿ ತೋರಿಸಿದರು. ಅವರಿಗೂ ರಾತ್ರಿ ಮೀಡಿಯಂ ವೇವ್‌ನಲ್ಲಿ ದೂರದ ಸ್ಟೇಷನ್ ಹಿಡಿಯುವ ಚಟ. ಗೇಟಿನ ಹತ್ತಿರ ಕೂತರೆ ಟಿಕ್ ಟಿಕ್ ಜೋರು, ನೀರಿನ ಟ್ಯಾಂಕಿನ ಹಿಂದೆ ಕೂತರೆ ಕಡಿಮೆ. ಅದಕ್ಕೇ ಕುರ್ಚಿ ಟ್ಯಾಂಕಿನ ಹಿಂದೆ. ಗೇಟು ಕಾಯುವವರು ಗೇಟೇ ಕಾಣದ ಜಾಗದಲ್ಲಿ ಯಾಕೆ ಕೂರುತ್ತಾರೆ ಅಂತ ಮನೆ ಓನರು ಗೊಣಗುತ್ತಿದ್ದದ್ದಕ್ಕೂ ಉತ್ತರ ಸಿಕ್ಕಿತು. ನಾನು ಅವರಿಗೆ ಹೇಳಲು ಹೋಗಿಲ್ಲ.

ಟ್ಯಾಂಕನ್ನು ಬೆನ್ನಿಗಿಟ್ಟು ಗೇಟಿನ ಕಡೆ ಹೆಜ್ಜೆ ಹಾಕಿದೆವು. ಒಂದು ಸದ್ದು ಪಕ್ಕದ ಮನೆಯದ್ದು, ಇನ್ನೊಂದು ರಸ್ತೆಯಾಚೆಯ ಕಚೇರಿಯದ್ದು. ಪಕ್ಕದ ಮನೆ ಗೋಡೆಯ ಮೂಲೆಯಲ್ಲಿ ಟಾರ್ಚ್ ಆರಿಸಿ ನಿಂತರೆ, ಕಾಗದದ ಹೂವಿನ ಬಳ್ಳಿಯ ಸಂದಿಯಲ್ಲಿ ಕಡಲೆಬೇಳೆಯಷ್ಟು ನೀಲಿ ಕಿಡಿ ಚಿಟ್, ಚಿಟ್ ಅಂತ ಹಾರುತ್ತಿತ್ತು. ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಇನ್ಸುಲೇಟರ್, ಅದಕ್ಕೆ ಯಾರೋ ತುಕ್ಕು ಹಿಡಿದ ತಂತಿ ಸುತ್ತಿ ಬಿಗಿದಿದ್ದರು.

ಮರುದಿನವೇ ಹೋಗಿ ರಿಪೇರಿ ಮಾಡುತ್ತೇನೆ ಅನ್ನಲು ಇದು ನಮ್ಮ ಅವಸರದ ಬೆಂಗಳೂರಲ್ಲ. ಆ ವಾರ ಪಕ್ಕದ ಮನೆಯವರ ಬಂಧುಗಳಲ್ಲಿ ಸಾವಾಗಿತ್ತು. ಇಲ್ಲಿ ಸಾವಿನ ಮನೆಗೆ ಹೋಗದೆ ಇರುವಂತಿಲ್ಲ. ಶಾಲೆಯಲ್ಲೂ ಅರ್ಧ ಸ್ಟಾಫ್ ಅಲ್ಲೇ. ನಾನೂ ಹೋಗಿ ಗಂಡಸರ ಸಾಲಿನಲ್ಲಿ ನೆಲದ ಮೇಲೆ ಕೂತು, ಕೈಲಾದಷ್ಟು ಹಣ ಕೊಟ್ಟು, ಹಾಡು ಕೇಳಿಕೊಂಡು ಬಂದೆ. ನನಗೆ ಅರ್ಥವಾದ ಮಾತು ಕಡಿಮೆ, ಆದರೆ ಅವತ್ತಿನಿಂದ ಬೀದಿಯಲ್ಲಿ ಮುಲಿ ಬ್ವಾಂಜಿ (ಹೇಗಿದ್ದೀರಿ) ಹೇಳುವವರ ಸಂಖ್ಯೆ ಹೆಚ್ಚಾಗಿದೆ.

ಆಮೇಲೊಂದು ಸಂಜೆ ಪಕ್ಕದ ಯಜಮಾನರ ಜಗಲಿಯಲ್ಲಿ ಮಾತು ತೆಗೆದೆ. ಅವರು ನಿವೃತ್ತರು, ಮಾತು ಬಲು ನಿಧಾನ.

'ಆ ಸದ್ದು ಇರಬೇಕಲ್ಲವೇ? ಸದ್ದಿದ್ದರೆ ಬೇಲಿ ಕೆಲಸ ಮಾಡುತ್ತಿದೆ ಅಂತ ಕಳ್ಳರಿಗೆ ಗೊತ್ತಾಗುತ್ತದೆ.'

ಇದಕ್ಕೆ ಏನು ಹೇಳುತ್ತೀರಿ! ಕಿಡಿ ಹಾರುವ ಕಡೆ ಏಟೆಲ್ಲ ಗೋಡೆಗೆ ಸೋರುತ್ತದೆ, ಅಲ್ಲಿಂದ ಮುಂದಿನ ತಂತಿಗೆ ಕಸುವಿಲ್ಲ, ಕಳ್ಳ ಹಿತ್ತಲ ಕಡೆಯಿಂದ ಆರಾಮಾಗಿ ಬರಬಹುದು ಅಂದೆ. ಕತ್ತಲಾಗುವವರೆಗೆ ಕೂರಿಸಿಕೊಂಡರು, ನ್ಸಿಮಾ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಜೊತೆ ಸೊಪ್ಪು ಬಡಿಸಿದರು, ಆಮೇಲೆ ಸ್ವತಃ ಬಂದು ಕಿಡಿ ನೋಡಿದರು. ಬಹಳ ಹೊತ್ತು ನೋಡಿ, 'ಮುಂಚೆಯೇ ಯಾಕೆ ಹೇಳಲಿಲ್ಲ?' ಅಂತ ನನಗೇ ಬೈದರು.

ರಿಪೇರಿ ಅರ್ಧ ಬೆಳಗಿನ ಕೆಲಸ. ಎನರ್ಜೈಸರ್ (ಬೇಲಿಗೆ ಏಟು ಕೊಡುವ ಪೆಟ್ಟಿಗೆ) ಆಫ್, ಬ್ಯಾಟರಿಯೂ ಕಳಚಿದ್ದು ಖಾತ್ರಿ. ಬಳ್ಳಿ ಸವರಿದ್ದು, ಒಡೆದ ಇನ್ಸುಲೇಟರ್‌ಗಳ ಜಾಗಕ್ಕೆ ಕಪ್ಪು ಎಚ್‌ಡಿಪಿಇ ನೀರಿನ ಪೈಪಿನ ತುಂಡು, ತಿರುಚಿ ಗಂಟು ಹಾಕಿದ್ದ ಜಾಯಿಂಟ್‌ಗಳಿಗೆ ಬೋಲ್ಟ್ ಕ್ಲ್ಯಾಂಪ್. ಈ ಜಾಯಿಂಟ್‌ಗಳನ್ನು ಮರೆಯಬೇಡಿ, ಕಣ್ಣಿಗೆ ಕಿಡಿ ಕಾಣದಿದ್ದರೂ ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್‌ನಲ್ಲಿ) ಅವೇ ಜಾಸ್ತಿ ಕೂಗುತ್ತವೆ.

ಉಳಿದ ಒಂದು ಟಿಕ್‌ಗೆ ರಿಗ್ಗಿನ ನಾಯ್ಸ್ ಬ್ಲ್ಯಾಂಕರ್ (ಟಿಕ್ ಅಳಿಸುವ ಸೌಲಭ್ಯ) ಸಾಕಾಗುತ್ತಿದೆ, ಪಕ್ಕದ ಫ್ರೀಕ್ವೆನ್ಸಿಯಲ್ಲಿ ದೊಡ್ಡ ಸ್ಟೇಷನ್ ಬಂದಾಗ ಮಾತ್ರ ಧ್ವನಿ ಒಡೆಯುತ್ತದೆ. ನಿನ್ನೆ ಸಂಜೆ ಏಳಕ್ಕೆ, ಅಂದರೆ ಊರಿನ ಹತ್ತೂವರೆಗೆ, ಕರೆದೆ. ಜಯನಗರದಿಂದ ಹಿರಿಯ ವಿಯು (ಭಾರತದ ಹ್ಯಾಮ್) ಒಬ್ಬರು ಎದ್ದು ಬಂದರು. ಮೊದಲು ಇಂಗ್ಲಿಷಿನಲ್ಲಿ ರಿಪೋರ್ಟ್ ಕೊಟ್ಟು, ನನ್ನ ಉಚ್ಚಾರ ಕೇಳಿ, 'ಏನಪ್ಪಾ, ಸೆವೆನ್ ಕ್ಯೂ ಅಂತೀಯ, ಹಾಸನದವನ ಥರ ಮಾತಾಡ್ತೀಯ?' ಅಂದರು. ಸೆವೆನ್ ಕ್ಯೂ ಅಂದರೆ ಮಲಾವಿಯ ಕಾಲ್‌ಸೈನ್ ಶುರುವಾಗುವ ಅಕ್ಷರ. ರಿಪೋರ್ಟ್ ಐದು-ಐದು, ಸ್ವಲ್ಪ ಕ್ಯೂಎಸ್‌ಬಿ (ಸಿಗ್ನಲ್ ಏರಿಳಿತ). ಮಳೆ, ಮಂಡಿನೋವು, ಟೊಮೆಟೊ ರೇಟು ಎಲ್ಲ ಆಯಿತು. ಫೋನಿನಲ್ಲಿ ವಾರಕ್ಕೊಮ್ಮೆ ಮನೆಯವರ ಜೊತೆ ಮಾತಾಡುತ್ತೇನೆ, ಆದರೆ ಗುರುತಿಲ್ಲದವರೊಬ್ಬರು ಕನ್ನಡದಲ್ಲಿ ಮಂಡಿನೋವು ಹೇಳಿಕೊಳ್ಳುವ ಸುಖ ಬೇರೆ.

ರಸ್ತೆಯಾಚೆಯ ಬೇಲಿಗೆ ಅರ್ಜಿ ಕೊಟ್ಟಿದ್ದೇನೆ. ಸೀಲು ಬಿದ್ದಿದೆ, ಎರಡನೇ ಸೀಲಿಗೆ ಸೋಮವಾರ ಬರಲು ಹೇಳಿದ್ದಾರೆ. ನವೆಂಬರ್‌ನಿಂದ ಗುಡುಗು ಮಳೆ, ಅಷ್ಟರೊಳಗೆ ಕೋಯಾಕ್ಸ್ ಹೊರಗಡೆಯೇ ಕಳಚುವ ವ್ಯವಸ್ಥೆ ಆಗಬೇಕು. ಅದಕ್ಕೂ ಮೊದಲು ಲಿಂಬೆಯಿಂದ ಬ್ರೇಜಿಂಗ್ ರಾಡ್ ತರಬೇಕು. ಮೊಣಕಾಲು ಮಡಚಲೂ ಜಾಗ ಕೊಡದ ಮಿನಿಬಸ್ಸಿನಲ್ಲಿ ಅಷ್ಟುದ್ದದ ಕಟ್ಟು ಹಿಡಿದು ಕೂರುವುದು ಹೇಗೆ ಅಂತ ಕಂಡಕ್ಟರನ್ನು ಕೇಳಿದರೆ, ರಾಡಿಗೂ ಒಂದು ಟಿಕೆಟ್ ತೆಗೆದುಕೋ ಅಂದ.