ಗ್ರೆಟ್ಸ್ಕಿಯನ್ನು ನನಗೆ ಬಿಡಿ

1979–80ರ ಸೀಸನ್. ಕೆನಡಾದ ಕ್ವಿಬೆಕ್‌ನ ಜೂನಿಯರ್ ಐಸ್ ಹಾಕಿ ಲೀಗಿನಲ್ಲಿ ಶಿಕೂಟಿಮಿ ತಂಡಕ್ಕೆ ಆಡುತ್ತಿದ್ದ, ಇನ್ನೇನು ಇಪ್ಪತ್ತು ತುಂಬಲಿದ್ದ ಹುಡುಗನೊಬ್ಬ 72 ಪಂದ್ಯಗಳಲ್ಲಿ 72 ಗೋಲ್ ಹೊಡೆದ. ಅಷ್ಟು ಸಾಲದು ಅಂತ ಇನ್ನೂ 110 ಗೋಲ್‌ಗಳಿಗೆ ಪಾಸ್ ಕೊಟ್ಟ. ಗೋಲ್, ಪಾಸ್ ಎರಡೂ ಸೇರಿ ಒಟ್ಟು 182 ಪಾಯಿಂಟ್. ಹೆಸರು ಗಿ ಕಾರ್ಬೊನೋ. ಮುಂದೆ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗಿನಲ್ಲಿ, 1,318 ಪಂದ್ಯ ಆಡಿದವನು ಒಂದೇ ಒಂದು ಸೀಸನ್‌ನಲ್ಲೂ ಮೂವತ್ತು ಗೋಲ್ ಮುಟ್ಟಲಿಲ್ಲ. ಆದರೂ ಐಸ್ ಹಾಕಿಯಲ್ಲಿ ನಿಮ್ಮ ಮೆಚ್ಚಿನ ಆಟಗಾರ ಯಾರು ಅಂತ ಕೇಳಿದರೆ ನನ್ನ ಬಾಯಿಗೆ ಮೊದಲು ಬರೋದು ಅವನ ಹೆಸರೇ.

ನಾನು ಶಾಂತಿನಗರದ ಕಾರ್ಯಪ್ಪ ಸ್ಟೇಡಿಯಂನಲ್ಲಿ ಹಾಕಿ ಆಡಿ ಬೆಳೆದವನು. ಸೆಂಟರ್ ಹಾಫ್. ಈಗ ಶಾಲೆ ಮಕ್ಕಳಿಗೆ ಕೋಚಿಂಗ್ ಮಾಡ್ತೀನಿ. ಐಸ್ ಹಾಕಿಯ ಹುಚ್ಚು ಹತ್ತಿಸಿದ್ದು ಮಾಂಟ್ರಿಯಲ್‌ನಲ್ಲಿರುವ ನಮ್ಮ ಭಾವ. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಮ್ಯಾಚ್ ನಮಗೆ ಮಾರನೇ ಬೆಳಗ್ಗೆ ಐದೂವರೆಗೆ. ಗ್ರೌಂಡಿಗೆ ಹೊರಡುವ ಮುಂಚೆ ಕಾಫಿ ಹಿಡಿದುಕೊಂಡು ಒಂದು ಪೀರಿಯಡ್ ನೋಡಬಹುದು.

ಗೋಲ್ ಮೆಷಿನ್ ಆಗಿದ್ದ ಹುಡುಗ ಗೋಲ್ ತಡೆಯುವವನಾಗಿದ್ದು ಹೇಗೆ? ಮಾಂಟ್ರಿಯಲ್ ಕನೇಡಿಯನ್ಸ್ ತಂಡ 1979ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವನನ್ನು 44ನೆಯವನಾಗಿ ಆರಿಸಿಕೊಂಡಿತು, ಎರಡು ಸೀಸನ್ ಕೆಳಗಿನ ಲೀಗಿನಲ್ಲೇ ಇಟ್ಟಿತು. 1982ರಲ್ಲಿ ಮೇಲೆ ಬಂದಾಗ ಗೋಲ್ ಹೊಡೆಯುವವರಿಗೆ ಅಲ್ಲಿ ಬರ ಇರಲಿಲ್ಲ. ಖಾಲಿ ಇದ್ದದ್ದು ಬೇರೆ ಕೆಲಸ: ಎದುರಾಳಿಯ ಅತಿ ಬಲಿಷ್ಠ ಲೈನ್, ಅಂದರೆ ಜೊತೆಯಾಗಿ ಆಡುವ ಮೂವರು ಫಾರ್ವರ್ಡ್‌ಗಳು, ಐಸ್‌ಗೆ ಇಳಿದಾಗ ಅವರನ್ನು ಕಟ್ಟಿಹಾಕುವುದು. ಆ ಕೆಲಸದ ಮೇಷ್ಟ್ರು ಅದೇ ತಂಡದಲ್ಲಿದ್ದ, ಬಾಬ್ ಗೇನಿ. ರಕ್ಷಣೆಯಲ್ಲಿ ಅತ್ಯುತ್ತಮ ಎನಿಸಿದ ಫಾರ್ವರ್ಡ್‌ಗೆ ಕೊಡುವ ಫ್ರ್ಯಾಂಕ್ ಸೆಲ್ಕಿ ಟ್ರೋಫಿ 1978ರಲ್ಲಿ ಶುರುವಾದಾಗಿನಿಂದ ಮೊದಲ ನಾಲ್ಕೂ ವರ್ಷ ಗೇನಿಯ ಪಾಲು. ಕಾರ್ಬೊನೋ ಅವನ ಪಕ್ಕದಲ್ಲೇ ಆಡಿ ಕಲಿತ. 1986ರಲ್ಲಿ ಇಬ್ಬರೂ ಜೊತೆಯಾಗಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದರು. 1988, 1989, 1992ರಲ್ಲಿ ಸೆಲ್ಕಿ ಟ್ರೋಫಿ ಕಾರ್ಬೊನೋ ಮನೆಗೆ ಬಂತು.

ಈ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಗೋಲ್‌ಕೀಪರ್ ಬಿಟ್ಟು ಐಸ್ ಮೇಲೆ ಒಂದು ತಂಡಕ್ಕೆ ಐದು ಜನ. ಒಬ್ಬ ಆಟಗಾರ ಒಂದು ಸಲಕ್ಕೆ ಒಂದು ನಿಮಿಷದೊಳಗೆ ಆಡಿ ಬೆಂಚಿಗೆ ವಾಪಸ್ ಬರ್ತಾನೆ. ಯಾರ ಎದುರು ಯಾರನ್ನು ಇಳಿಸಬೇಕು ಅನ್ನೋದು ಕೋಚ್‌ಗಳ ನಡುವಿನ ಚದುರಂಗ. ನಮ್ಮ ಗೋಲ್ ಪಕ್ಕದಲ್ಲೇ ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡೋದು) ಬಿತ್ತು, ಮುನ್ನಡೆ ಒಂದೇ ಗೋಲ್, ಉಳಿದಿರೋದು ಅರ್ಧ ನಿಮಿಷ ಅಂದಾಗ ಕೋಚ್ ಕಣ್ಣು ಹೋಗೋದು ಕಾರ್ಬೊನೋ ಥರದವನ ಕಡೆಗೆ. ಜೊತೆಯವನು ಪೆನಾಲ್ಟಿ ತಗೊಂಡು ಎರಡು ನಿಮಿಷ ಹೊರಗೆ ಕೂತಾಗ ನಾಲ್ಕು ಜನ ಐದು ಜನರನ್ನು ತಡೀಬೇಕಲ್ಲ, ಆಗಲೂ ಅವನೇ. ಹೊಡೆತಕ್ಕೆ ಅಡ್ಡ ಬೀಳೋದರಲ್ಲಂತೂ ಅವನು ಹೆಸರುವಾಸಿ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರ್‌ನ ಪಕ್ ಸುಮಾರು 170 ಗ್ರಾಂ ತೂಗುತ್ತೆ. ಎದುರಾಳಿ ಕೋಲು ಎತ್ತುವ ಹೊತ್ತಿಗೆ ಇವನು ಮಂಡಿಯೂರಿ, ಮೈ ಪೂರ್ತಿ ಉದ್ದಕ್ಕೆ ಚೆಲ್ಲಿ ದಾರಿ ಮುಚ್ಚುತ್ತಿದ್ದ. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಆದಾಗ ಡ್ರ್ಯಾಗ್ ಫ್ಲಿಕ್ ಹೊಡೆಯುವವನ ಮೇಲೆ ನೇರ ಓಡುವ ಫಸ್ಟ್ ರಷರ್ ಇದ್ದಾನಲ್ಲ, ಅದೇ ಗುಂಡಿಗೆ ಬೇಕು. ನಾನು ಆ ಜಾಗದಲ್ಲಿ ಓಡಿದವನು. ಬಾಲ್ ಎಲ್ಲಿಗೆ ಬಡಿಯುತ್ತೆ ಅನ್ನೋ ಯೋಚನೆ ಮೊದಲ ಹೆಜ್ಜೆಯಲ್ಲೇ ತಲೆಗೆ ಬಂದರೆ ಎರಡನೇ ಹೆಜ್ಜೆ ನಿಧಾನ ಆಗುತ್ತೆ, ಮೂರನೇ ಹೆಜ್ಜೆಗೆ ಗೋಲ್ ಆಗಿರುತ್ತೆ.

ಈಗ 1993ರ ಫೈನಲ್‌ಗೆ ಬರ್ತೀನಿ. ನಾನು ಮತ್ತೆ ಮತ್ತೆ ನೋಡುವ ಸರಣಿ ಅದು. ಮಾಂಟ್ರಿಯಲ್ ಎದುರು ಲಾಸ್ ಏಂಜಲೀಸ್ ಕಿಂಗ್ಸ್, ಅಂದರೆ ಐಸ್ ಹಾಕಿಯ ಅತಿ ದೊಡ್ಡ ಹೆಸರು, 99ನೇ ನಂಬರ್‌ನ ವೇಯ್ನ್ ಗ್ರೆಟ್ಸ್ಕಿ. ಮಾಂಟ್ರಿಯಲ್ ಫೋರಂನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಕಿಂಗ್ಸ್ 4–1ರಿಂದ ಗೆದ್ದರು. ಆ ನಾಲ್ಕೂ ಗೋಲ್‌ಗಳಲ್ಲಿ ಗ್ರೆಟ್ಸ್ಕಿಯ ಕೈವಾಡ, ಒಂದು ತಾನೇ ಹೊಡೆದದ್ದು, ಮೂರು ಪಾಸ್. ಆ ರಾತ್ರಿ ಗ್ರೆಟ್ಸ್ಕಿಯ ಬೆನ್ನು ಹತ್ತುವ ಜವಾಬ್ದಾರಿ ಕಾರ್ಬೊನೋಗೆ ಇರಲಿಲ್ಲ. ಆಗ ಅವನಿಗೆ 33 ವರ್ಷ, ತಂಡದ ಕ್ಯಾಪ್ಟನ್. ಪಂದ್ಯ ಮುಗಿದ ಮೇಲೆ ಕೋಚ್ ಜಾಕ್ ಡೆಮೆರ್ಸ್ ಬಳಿ ಹೋಗಿ, ಇನ್ನು ಮುಂದೆ ಗ್ರೆಟ್ಸ್ಕಿಯನ್ನು ನನಗೆ ಬಿಡಿ ಅಂತ ತಾನಾಗಿ ಕೇಳಿಕೊಂಡ. ಕೋಚ್ ಒಪ್ಪಿದ. ಎರಡನೇ ಪಂದ್ಯದಿಂದ ಗ್ರೆಟ್ಸ್ಕಿಗೆ ಅಂಥ ಇನ್ನೊಂದು ರಾತ್ರಿ ಸಿಗಲೇ ಇಲ್ಲ. ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ತವರಿನ ತಂಡದ್ದು. ಫೋರಂನಲ್ಲಿ ಆ ಅನುಕೂಲ ಡೆಮೆರ್ಸ್‌ಗೆ ಇತ್ತು. ಮೂರು, ನಾಲ್ಕನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ, ಅಲ್ಲಿ ಆ ಹಕ್ಕು ಎದುರಿನವರ ಕೈಯಲ್ಲಿ. ಆದರೂ ಬೆನ್ನು ಬಿಡಲಿಲ್ಲ. ಎರಡು, ಮೂರು, ನಾಲ್ಕು, ಮೂರೂ ಪಂದ್ಯಗಳನ್ನು ಓವರ್‌ಟೈಮ್‌ನಲ್ಲಿ ಗೆದ್ದ ಮಾಂಟ್ರಿಯಲ್ ಐದನೆಯದರಲ್ಲಿ ಕಪ್ಪನ್ನೇ ಎತ್ತಿತು. ಅದು ಅವರ 24ನೆಯ ಕಪ್. ಕಪ್ ಕೈಗೆ ಬಂದ ಕೂಡಲೇ ಕ್ಯಾಪ್ಟನ್ ಅದನ್ನು ಕೊಟ್ಟದ್ದು ಯಾರಿಗೆ ಗೊತ್ತಾ? ಆ ಪಂದ್ಯ ಆಡಲಾಗದೆ ಸೂಟ್ ಹಾಕಿಕೊಂಡು ನಿಂತಿದ್ದ ಹಿರಿಯ ಆಟಗಾರ ಡೆನಿ ಸವಾರ್‌ಗೆ. ಅದುವರೆಗೆ ಸವಾರ್ ಒಂದೂ ಕಪ್ ಗೆದ್ದಿರಲಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡ್ತೀನಿ. 1994ರಲ್ಲಿ ಸೇಂಟ್ ಲೂಯಿಸ್‌ಗೆ, ಮರುವರ್ಷ ಡಲ್ಲಾಸ್‌ಗೆ. ಅಲ್ಲಿ 1999ರಲ್ಲಿ ಮೂರನೇ ಕಪ್. ಡಲ್ಲಾಸ್‌ನ ಮ್ಯಾನೇಜರ್ ಯಾರು ಅಂದರೆ ಅದೇ ಬಾಬ್ ಗೇನಿ. 2000ದಲ್ಲಿ ಆಟಕ್ಕೆ ವಿದಾಯ.

ಗೇನಿ ಮುಂದೆ ಮಾಂಟ್ರಿಯಲ್‌ಗೆ ಮ್ಯಾನೇಜರ್ ಆಗಿ ಬಂದ. 2006ರ ಜನವರಿಯಲ್ಲಿ ಕೋಚ್‌ನನ್ನು ತೆಗೆದು ತಾನೇ ಬೆಂಚಿನ ಹಿಂದೆ ನಿಂತ, ಪಕ್ಕಕ್ಕೆ ಕಾರ್ಬೊನೋನನ್ನು ಕರೆದುಕೊಂಡ. ಮುಂದಿನ ಸೀಸನ್‌ನಿಂದ ತಂಡ ಕಾರ್ಬೊನೋ ಕೈಗೆ. ಸಹಾಯಕ ಕೋಚ್‌ಗಳಲ್ಲಿ ಡಗ್ ಜಾರ್ವಿಸ್ ಕೂಡ ಇದ್ದ, ಅವನೂ ಒಂದು ಸಲ ಸೆಲ್ಕಿ ಗೆದ್ದವನು. ಮೂವರದ್ದೂ ಸೇರಿಸಿದರೆ ಎಂಟು ಸೆಲ್ಕಿ. ಇವರು ಕಟ್ಟಿದ ತಂಡ ಬರೀ ಬಾಗಿಲು ಮುಚ್ಚಿಕೊಂಡು ಆಡುತ್ತೆ ಅಂತ ಯಾರಾದರೂ ಅಂದುಕೊಳ್ಳಬಹುದು. ಆಗಿದ್ದು ಬೇರೆ. 2007–08ರಲ್ಲಿ ಮಾಂಟ್ರಿಯಲ್ 104 ಪಾಯಿಂಟ್ ಗಳಿಸಿ ಪೂರ್ವ ವಿಭಾಗಕ್ಕೆ ಮೊದಲು ಬಂತು. ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಗೆ ಒಬ್ಬ ಕಮ್ಮಿ ಇದ್ದಾಗ ಗೋಲ್ ಹೊಡೆಯೋದರಲ್ಲಿ, ಇಡೀ ಲೀಗಿಗೇ ಮೊದಲು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಒಬ್ಬ ಕಮ್ಮಿ ಇದ್ದಾಗ ತಡೆಯೋದನ್ನೇ ಕಸುಬು ಮಾಡಿಕೊಂಡವನಿಗೆ, ತಡೆಯುವವನ ಕಾಲು ಎಲ್ಲಿ ತಡವರಿಸುತ್ತೆ, ಯಾವ ಪಾಸ್ ಕಂಡರೆ ಅವನಿಗೆ ಭಯ ಅನ್ನೋದು ಕರಗತ. ಆ ಸೀಸನ್‌ನಲ್ಲೇ, 2008ರ ಫೆಬ್ರುವರಿ 19ರಂದು, ನ್ಯೂಯಾರ್ಕ್ ರೇಂಜರ್ಸ್ ಎದುರು 5–0 ಹಿಂದೆ ಬಿದ್ದು ಶೂಟೌಟ್‌ನಲ್ಲಿ 6–5ರಿಂದ ಗೆದ್ದರು. ಆ ಕ್ಲಬ್ಬಿನ ಇತಿಹಾಸದಲ್ಲೇ ಅಷ್ಟು ಹಿಂದಿನಿಂದ ಎದ್ದು ಬಂದು ಗೆದ್ದದ್ದು ಅದೇ ಮೊದಲು.

ಮರುವರ್ಷ ಕ್ಲಬ್ಬಿಗೆ ನೂರರ ಸಂಭ್ರಮ. 2009ರ ಮಾರ್ಚ್ 9ರಂದು, ಲೀಗ್ ಹಂತದ 16 ಪಂದ್ಯ ಬಾಕಿ ಇರುವಾಗ, ತಂಡ ಪ್ಲೇಆಫ್ ಜಾಗದಲ್ಲೇ ಇದ್ದರೂ, ಗೇನಿ ಅವನನ್ನು ತೆಗೆದುಹಾಕಿದ. ಜೊತೆಗೆ ಆಡಿದವನು, ಕೆಲಸ ಕಲಿಸಿದವನು, ಡಲ್ಲಾಸ್‌ನಲ್ಲಿ ಮ್ಯಾನೇಜರ್ ಆಗಿದ್ದವನು, ಕೋಚ್ ಹುದ್ದೆ ಕೊಟ್ಟವನು, ಕೊನೆಗೆ ಕಿತ್ತುಕೊಂಡವನು, ಎಲ್ಲ ಒಬ್ಬನೇ. ಆಮೇಲೆ ಗೇನಿಯೇ ಕೋಚ್ ಆಗಿ ನಿಂತ. ತಂಡ ಎಂಟನೇ ಸ್ಥಾನದಲ್ಲಿ ಹೇಗೋ ಪ್ಲೇಆಫ್ ಸೇರಿ ಬಾಸ್ಟನ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಆ ತೀರ್ಮಾನ ತಪ್ಪು ಅಂತಲೇ ನಾನು ಇವತ್ತಿಗೂ ಹೇಳ್ತೀನಿ. ಹಿಂದಿನ ವರ್ಷವಷ್ಟೇ ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿಯ ಕೊನೆಯ ಮೂವರಲ್ಲಿ ಅವನ ಹೆಸರಿತ್ತು. ಭಾವನ ಹತ್ತಿರ ಈ ವಿಷಯ ಎತ್ತಿದರೆ ಈಗಲೂ ಜಗಳವೇ. ಅವರು ಗೇನಿ ಪಕ್ಷ.

ನಮ್ಮ ಮಕ್ಕಳ ತಂಡದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು. ಎದುರಾಳಿ ಪಾಸ್ ಕೊಡೋ ಮುಂಚೆಯೇ ಪಾಸ್ ಹೋಗೋ ಜಾಗದಲ್ಲಿ ನಿಂತಿರ್ತಾಳೆ. ಅವಳಮ್ಮ ಮೊನ್ನೆ ಗೇಟ್ ಹತ್ತಿರ ಹಿಡಿದುಕೊಂಡರು.

"ಸರ್, ಇವಳನ್ನ ಮುಂದಕ್ಕೆ ಆಡಿಸಿ. ಗೋಲ್ ಹೊಡೆದರೆ ತಾನೇ ಸೆಲೆಕ್ಷನ್‌ನಲ್ಲಿ ಹೆಸರು ಕಾಣೋದು?"

"ಮುಂದೇನೇ ಆಡಿಸ್ತೀನಿ ಅಮ್ಮ," ಅಂದೆ. "ಆದ್ರೆ ಆ ಕಡೆ ಟೀಮಿನ ಸೆಂಟರ್ ಹಾಫ್ ಇವಳ ಪಾಲಿಗೆ."

ಅವರಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಅದರಲ್ಲಿ ಗೋಲ್‌ಗಳ ಲೆಕ್ಕ ಇಲ್ಲ. ಎದುರು ತಂಡದಲ್ಲಿ ಆಟ ಕಟ್ಟುವ ಆಟಗಾರ್ತಿ ಎಷ್ಟು ಸಲ ನಮ್ಮ ಗೋಲ್ ಕಡೆ ಮುಖ ಮಾಡಿ ಬಾಲ್ ಹಿಡಿದಳು ಅನ್ನೋದಕ್ಕೆ ಒಂದೊಂದು ಗೀಟು. ಆ ಹುಡುಗಿ ಆಡಿದ ಅರ್ಧದಲ್ಲಿ ಗೀಟುಗಳು ವಿರಳ, ಅವಳು ಹೊರಗಿದ್ದ ಅರ್ಧದಲ್ಲಿ ಸಾಲು ತುಂಬಿದೆ. ಅವಳಮ್ಮ ಬಹಳ ಹೊತ್ತು ಅದನ್ನೇ ನೋಡಿ, "ಇದನ್ನ ಸೆಲೆಕ್ಟರ್ಸ್‌ಗೂ ತೋರಿಸ್ತೀರಾ ಸರ್?" ಅಂದರು. ತೋರಿಸ್ತೀನಿ. ಈ ಸಲದ ಟ್ರಯಲ್ಸ್‌ಗೆ ನೋಟ್‌ಬುಕ್ ತಗೊಂಡೇ ಹೋಗ್ತೀನಿ. ಕಾರ್ಬೊನೋನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2019ರಲ್ಲಿ, ಆಟ ಬಿಟ್ಟು ಹತ್ತೊಂಬತ್ತು ವರ್ಷ ಆದ ಮೇಲೆ. ಈ ಹುಡುಗಿ ಅಷ್ಟು ಕಾಯೋದು ನನಗೆ ಬೇಡ.

1993ರ ಫೈನಲ್‌ನ ಎರಡನೇ ಪಂದ್ಯದ ರೆಕಾರ್ಡಿಂಗ್ ಎಲ್ಲಾದರೂ ಸಿಕ್ಕರೆ ಪೂರ್ತಿ ನೋಡಿ. ಪಕ್ ಹಿಂದೆ ಕಣ್ಣು ಓಡಿಸಬೇಡಿ. ಬಿಳಿ ಜೆರ್ಸಿಯೋ ಕಪ್ಪೋ ಅಂತಲೂ ಯೋಚಿಸಬೇಡಿ, 99ನೇ ನಂಬರ್ ಎಲ್ಲಿದ್ದಾನೆ ಅಂತ ಹುಡುಕಿ. ಪಕ್ಕದಲ್ಲೇ 21 ಕಾಣಿಸ್ತಾನೆ.